ಮೇಷ್ಟ್ರು ಕಳೆದುಕೊಂಡ ನೌನುಗಳು

ನಮ್ಮ ಮನೆಗೆ ಹೊಸದಾಗಿ ಬಂದವರು ಹೊಸ್ತಿಲಲ್ಲೇ ನಿಂತು ಒಂದು ಸಲ ನಗುತ್ತಾರೆ. ಬಾಗಿಲ ಮೇಲೆ ‘ಬಾಗಿಲು’ ಎಂದು ಬರೆದ ಚೀಟಿ ಅಂಟಿಸಿದೆ. ಒಳಗೆ ಬಂದರೆ ಕುರ್ಚಿಯ ಬೆನ್ನಿಗೆ ‘ಕುರ್ಚಿ’, ಗಡಿಯಾರದ ಕೆಳಗೆ ‘ಗಡಿಯಾರ’, ಫ್ರಿಜ್ಜಿನ ಮೇಲೆ ‘ಫ್ರಿಜ್’. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ಸುತ್ತ ಕಣ್ಣಾಡಿಸಿ, “ಯಾಕಮ್ಮ, ಮನೇನ ಹರಾಜಿಗೆ ಇಟ್ಬುಟ್ಟಿದೀರಾ?” ಎಂದ. ವಿವರಿಸುವಷ್ಟು ತ್ರಾಣ ಇರಲಿಲ್ಲ. “ಹೂಂ ಕಣಪ್ಪ, ನನ್ನನ್ನೂ ಸೇರಿಸಿ” ಎಂದು ಸಿಲಿಂಡರ್ ಇಳಿಸಿಕೊಂಡೆ.

ನಿಮಗಾದರೂ ವಿವರಿಸಬೇಕು. ಈ ಚೀಟಿಗಳೆಲ್ಲ ನಮ್ಮ ಮೇಷ್ಟ್ರಿಗಾಗಿ. ಮೇಷ್ಟ್ರು ಎಂದರೆ ನನ್ನ ಯಜಮಾನರು. ಯಸಳೂರಿನ ಆಸುಪಾಸಿನ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಹೋದ ವರ್ಷ ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದವರು ಟವೆಲ್ ಹಿಡಿದುಕೊಂಡು ನಿಂತೇ ಇದ್ದರು. ಬಾಯಿ ಒಂದು ಕಡೆಗೆ ಜಾರಿತ್ತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು, ಜೀವ ಉಳಿಯಿತು. ಕೈಕಾಲು ನಿಧಾನಕ್ಕೆ ಬಂದವು. ಮಾತು ಮಾತ್ರ ವಾಪಸು ಬರುವಾಗ ಅರ್ಧ ದಾರಿಯಲ್ಲೇ ಇಳಿದುಕೊಂಡಿತು.

ಯಾವ ಅರ್ಧ ಬಂತು, ಯಾವ ಅರ್ಧ ಬರಲಿಲ್ಲ ಎನ್ನುವುದನ್ನು ಕೇಳಿದರೆ ನೀವು ನಂಬುವುದಿಲ್ಲ. ಬಾ, ಹೋಗು, ಕೊಡು, ಕುಡಿ ಎಲ್ಲ ಬಂದವು. ಅಯ್ಯೋ, ಥತ್, ಛೆ ಇವಂತೂ ಮೊದಲಿಗಿಂತ ಜೋರಾಗಿ ಬಂದವು. ಬಾರದಿದ್ದವು ಹೆಸರುಗಳು. “ಕೊಡು” ಅನ್ನುತ್ತಾರೆ. ಏನು ಕೊಡಲಿ ಎಂದರೆ, “ಅದು... ಬಿಸಿ... ಕುಡಿಯೋದು.” ಕಾಫಿಯೋ ಗಂಜಿಯೋ ಬಿಸಿನೀರೋ ತಿಳಿಯುವುದು ಹೇಗೆ? ಮೂರನ್ನೂ ತಂದು ಮುಂದಿಡುತ್ತೇನೆ. ಯಾವುದನ್ನು ನೋಡಿ “ಥತ್” ಅನ್ನುವುದಿಲ್ಲವೋ ಅದೇ ಕೇಳಿದ್ದು ಎಂದುಕೊಳ್ಳುತ್ತೇನೆ.

ಜೀವಮಾನವೆಲ್ಲ ‘ನೌನ್ ಈಸ್ ಎ ನೇಮಿಂಗ್ ವರ್ಡ್’ ಎಂದು ಗಂಟಲು ಹರಿದುಕೊಂಡ ಮನುಷ್ಯನಿಂದ ದೇವರು ಹುಡುಕಿ ಹುಡುಕಿ ನೌನುಗಳನ್ನೇ ಕಿತ್ತುಕೊಂಡ. ಅವನಿಗೂ ಒಂದಿಷ್ಟು ತಮಾಷೆ ಬೇಕಾಗಿತ್ತೇನೋ. ನನಗಂತೂ ನಗು ಬರಲಿಲ್ಲ.

ನನಗೆ ಈ ನೌನು, ವರ್ಬುಗಳ ಪರಿಚಯವಾದದ್ದು ಅಡುಗೆಮನೆಯಿಂದ. ಮೇಷ್ಟ್ರು ಸಂಜೆ ಹೊತ್ತು ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಬೇಕೋ ಬೇಡವೋ, ಎಂಟು ಪಾರ್ಟ್ಸ್ ಆಫ್ ಸ್ಪೀಚೂ ಕಿವಿಗೆ ಬೀಳುತ್ತಿದ್ದವು. ಪಠ್ಯಪುಸ್ತಕದ ಉದಾಹರಣೆಗಳನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. “ಟಾಮ್ ಅಂತೆ, ಮೇರಿ ಅಂತೆ! ನಮ್ಮೂರಲ್ಲಿ ಯಾವ ಟಾಮ್ ಅವ್ನೆ? ನಮ್ಮೂರಲ್ಲಿ ಇರೋದು ಆನೆ” ಎನ್ನುತ್ತಿದ್ದರು. ಅದಕ್ಕೇ ಅವರೇ ಒಂದು ವಾಕ್ಯ ಕಟ್ಟಿದ್ದರು. ‘ಓಹ್! ದಿ ವೈಲ್ಡ್ ಎಲಿಫೆಂಟ್ ಸ್ಲೋಲಿ ಕೇಮ್ ಇನ್‌ಟು ದಿ ಎಸ್ಟೇಟ್ ಆ್ಯಂಡ್ ಇಟ್ ಏಟ್ ದಿ ಜಾಕ್‌ಫ್ರೂಟ್.’ ಈ ಒಂದೇ ವಾಕ್ಯದಲ್ಲಿ ಎಂಟೂ ಇವೆಯಂತೆ. ಆನೆ ನೌನು, ಕಾಡಿನದು ಎನ್ನುವುದು ಅಡ್ಜೆಕ್ಟಿವ್, ಬಂದದ್ದು ವರ್ಬು, ನಿಧಾನವಾಗಿ ಎನ್ನುವುದು ಆಡ್‌ವರ್ಬು. ಹೀಗೆ ಕಾಡಾನೆಯನ್ನು ಎಂಟು ತುಂಡು ಮಾಡಿ ಮಕ್ಕಳಿಗೆ ಹಂಚುತ್ತಿದ್ದರು. ಯಾವ ವರ್ಷದ ಮಕ್ಕಳನ್ನು ಕೇಳಿದರೂ ಈ ಆನೆಯನ್ನು ಬಲ್ಲರು.

ಆ ಮಕ್ಕಳಲ್ಲಿ ರಫೀಕ್ ಎಂಬವನೊಬ್ಬ. ಅವನ ತಂದೆ ಸಕಲೇಶಪುರದಿಂದ ಬಂದು ಕಾಫಿ ಚೀಲ ಸಾಗಿಸುತ್ತಿದ್ದರು. ಈಗ ರಫೀಕನೇ ವ್ಯಾನು ಇಟ್ಟುಕೊಂಡಿದ್ದಾನೆ, ತಲೆ ನರೆತಿದೆ. ಅವನು ಓದುತ್ತಿದ್ದಾಗ ಒಂದು ದಿನ ಶಾಲೆಯ ಹಿಂದಿನ ತೋಟಕ್ಕೆ ನಿಜವಾದ ಆನೆಯೇ ಬಂದಿತ್ತಂತೆ. ಎಲ್ಲರೂ ಬೆಂಚು ಹಾರಿ ಓಡುವಾಗ ಇವನು ಕಿಟಕಿಯಲ್ಲಿ ನಿಂತು, “ಸಾ, ಸ್ಲೋಲಿ ಅಲ್ಲ ಸಾ, ಫಾಸ್ಟಾಗೇ ಬರ್ತಾ ಐತೆ!” ಎಂದು ಕಿರುಚಿದನಂತೆ. ಅವನ ಕಿವಿ ಹಿಂಡಿ ಎಳೆದುಕೊಂಡು ಓಡಿದೆ ಎಂದು ಮೇಷ್ಟ್ರು ಈ ಕತೆಯನ್ನು ಅದೆಷ್ಟು ಸಲ ಹೇಳಿದ್ದಾರೋ. ಈಗ ಆ ಕತೆ ಹೇಳುವುದಕ್ಕೆ ಅವರಿಗೆ ಆನೆಯೂ ಇಲ್ಲ, ರಫೀಕನೂ ಇಲ್ಲ. “ಬಂತು... ಬಂತು... ಓಡಿ...” ಎಂದು ಕೈ ಆಡಿಸಿ ಸುಮ್ಮನಾಗುತ್ತಾರೆ. ಉಳಿದದ್ದನ್ನು ನಾನು ತುಂಬಿಸುತ್ತೇನೆ.

ನನ್ನನ್ನೂ ಬಿಟ್ಟವರಲ್ಲ. ಮದುವೆಯಾದ ಹೊಸತರಲ್ಲಿ, ಇನ್ನೂ ಅವರ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ, ‘ಮೈ ವೈಫ್ ಕುಕ್ಸ್ ವೆಲ್’ ಎಂದು ಹೇಳಿ, ಇದರಲ್ಲಿ ಆಡ್‌ವರ್ಬ್ ಯಾವುದು ಎಂದು ಕೇಳಿದರು. ನಾನು ಧೈರ್ಯ ಮಾಡಿ ‘ವೈಫ್’ ಎಂದೆ. ಅವತ್ತು ನಕ್ಕದ್ದು ಸಾಲದೆಂದು ನಮ್ಮ ಮಗಳ ಮದುವೆಯ ಊಟದ ಪಂಕ್ತಿಯಲ್ಲೂ ಬೀಗರಿಗೆ ಹೇಳಿ ನಕ್ಕರು. ಸಕಲೇಶಪುರದ ಬಸ್ಸಿನಲ್ಲಿ ಹೋಗುವಾಗ ಕೈ ಹೊರಗೆ ಹಾಕಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದಲ್ಲ, ಪಕ್ಕದಲ್ಲಿ ಕೂತವರನ್ನು ಹಿಡಿದು, “ಔಟ್‌ಸೈಡ್ ಅನ್ನೋದು ಇಲ್ಲಿ ಏನು ಹೇಳಿ ನೋಡೋಣ” ಎನ್ನುತ್ತಿದ್ದರು. ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಪಾಪ, ಕೂತಿದ್ದ ಸೀಟು ಬಿಟ್ಟು ಹೋಗಿ ಬಾಗಿಲ ಹತ್ತಿರ ನಿಂತುಕೊಂಡರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಇವರು ಯಾರೋ ನನಗೆ ಗೊತ್ತಿಲ್ಲ ಎನ್ನುವ ಹಾಗೆ ಕೂರುತ್ತಿದ್ದೆ.

ಇಷ್ಟೆಲ್ಲ ನೌನು ನೌನು ಎಂದು ಕುಣಿದವರು ನನ್ನ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಅದರಲ್ಲಿ ಅವರ ತಪ್ಪೇನಿಲ್ಲ, ನಮ್ಮ ಕಡೆ ನಮ್ಮ ಕಾಲದ ದಂಪತಿಗಳೆಲ್ಲ ಹಾಗೆಯೇ. ಹೆಂಡತಿ ಗಂಡನ ಹೆಸರು ಹೇಳಬಾರದು ಎನ್ನುವುದು ಎಲ್ಲರಿಗೂ ಗೊತ್ತು. ನಮ್ಮ ಅತ್ತೆಯ ಮನೆಯಲ್ಲಿ ಗಂಡನೂ ಹೇಳುತ್ತಿರಲಿಲ್ಲ. ಹಿರಿಯರ ಎದುರಿಗೆ ಹೆಂಡತಿಯ ಹೆಸರು ಹಿಡಿದು ಕೂಗಿದರೆ ನಾಚಿಕೆಗೆಟ್ಟವನು ಎನ್ನುತ್ತಿದ್ದರು. ಹಿರಿಯರು ಹೋದರು, ಅಭ್ಯಾಸ ಉಳಿಯಿತು. “ಇವಳೇ”, “ನೋಡಿಲ್ಲಿ”, “ಕೇಳಿಸ್ತಾ?” ಇಷ್ಟರಲ್ಲೇ ಸಂಸಾರ ಸಾಗಿತು. ಇವೂ ಬೇಡವೆನಿಸಿದಾಗ ಒಂದು ಕೆಮ್ಮು. ನೀರು ಬೇಕಾದ ಕೆಮ್ಮು ಯಾವುದು, ನೆಂಟರು ಬಂದ ಕೆಮ್ಮು ಯಾವುದು ಎಂದು ನಾನು ಒಲೆಯ ಮುಂದೆ ಕೂತೇ ಹೇಳುತ್ತಿದ್ದೆ.

ನನ್ನ ಕಡೆಯಿಂದಲೂ ಅಷ್ಟೆ. ರೀ, ಇವರು, ಮೇಷ್ಟ್ರು. ಒಂದು ಸಲ ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರು. ಹೇಳಿಸುವುದಕ್ಕೆ ಜೊತೆಯಲ್ಲಿ ಮಗಳು ಇರಲಿಲ್ಲ. “ಈಶ್ವರನ ಗುಡಿಯಲ್ಲಿ ದೇವರ ಎದುರಿಗೇ ಕೂತಿರ್ತಾನಲ್ಲ, ಅವನ ಹೆಸರೇ” ಎಂದೆ. ಆ ಅಂಗಡಿಯವನು ತಲೆ ಎತ್ತಿ, “ಯಾರು, ಪೂಜಾರಪ್ಪನಾ?” ಎಂದ. ಬಸವನಿಗೆ ಇಷ್ಟು ದೊಡ್ಡ ಅವಮಾನ ಅವನ ಜೀವನದಲ್ಲೇ ಆಗಿರಲಾರದು. ಇದನ್ನು ಬರೆಯುವಾಗಲೂ ಕೈ ಮುಂದಕ್ಕೆ ಹೋಗುತ್ತಿಲ್ಲ, ಪೂರ್ತಿ ಹೆಸರನ್ನು ನೀವೇ ಊಹಿಸಿಕೊಳ್ಳಿ.

ನನ್ನ ಹೆಸರು ಹಿಡಿದು ಕರೆಯುತ್ತಿದ್ದವರು ತವರಿನವರು. ಅಮ್ಮ ಹೋದರು, ಅಣ್ಣನೂ ಹೋದ. ಊರಿಗೆಲ್ಲ ನಾನು ಮೇಷ್ಟ್ರಮ್ಮ, ಮಗಳಿಗೆ ಅಮ್ಮ, ಮೊಮ್ಮಕ್ಕಳಿಗೆ ಅಜ್ಜಿ. ಹೆಸರು ಆಧಾರ್ ಕಾರ್ಡಿನಲ್ಲಿ ಭದ್ರವಾಗಿದೆ. ಇದರ ಬಗ್ಗೆ ನನಗೆ ಎಂದೂ ಬೇಸರವಾಗಿರಲಿಲ್ಲ, ಆ ಹುಡುಗಿ ಕೇಳುವವರೆಗೆ.

ಹಾಸನದಲ್ಲಿ ಮಾತು ಕಲಿಸುವ ಒಬ್ಬ ಹುಡುಗಿಯಿದ್ದಾಳೆ. ಇಂಥ ಕಾಯಿಲೆಯಾದವರಿಗೆ ಮತ್ತೆ ಮಾತು ಬರಿಸುವುದೇ ಅವಳ ಕೆಲಸ. ನಮ್ಮ ಮಗಳಿಗಿಂತ ಚಿಕ್ಕವಳು, ಒಳ್ಳೆಯವಳು. ಮೇಷ್ಟ್ರ ಎದುರಿಗೆ ಚಿತ್ರಗಳನ್ನು ಹಿಡಿದು ಇದೇನು, ಅದೇನು ಎಂದು ಕೇಳುತ್ತಾಳೆ. ಕೀಲಿಕೈ ತೋರಿಸಿದರೆ ಮೇಷ್ಟ್ರು “ತೆಗಿಯೋದು” ಅನ್ನುತ್ತಾರೆ. ನಾಯಿ ತೋರಿಸಿದರೆ “ಬೊಗಳುತ್ತೆ.” ಹೆಸರು ಹೇಳಿ ಸರ್ ಎಂದು ಒತ್ತಾಯಿಸಿದರೆ “ಥತ್!” ಒಬ್ಬರೇ ಕೂತರೆ ಗಾಬರಿಯಾಗುತ್ತಾರೆಂದು ನನ್ನನ್ನು ಪಕ್ಕದಲ್ಲೇ ಕೂರಿಸುತ್ತಾಳೆ. ಮೊದಲನೆಯ ದಿನವೇ ನನ್ನನ್ನು ತೋರಿಸಿ, “ಇವರ ಹೆಸರೇನು ಸರ್?” ಎಂದಳು.

ಮೇಷ್ಟ್ರು ನನ್ನನ್ನು ನೋಡಿದರು. ಗೋಡೆ ನೋಡಿದರು. “ಇವಳು” ಎಂದರು.

“ಹೆಸರು ಸರ್, ಹೆಸರು.”

“ಇವಳೇ” ಎಂದು ಕಾಲು ಅಲ್ಲಾಡಿಸತೊಡಗಿದರು.

ಹುಡುಗಿ ನನ್ನ ಕಡೆ ಬಗ್ಗಿ ಮೆಲ್ಲಗೆ, “ನಿಮ್ಮ ಹೆಸರೂ ಹೋಗಿದೆ ಆಂಟಿ. ನೀವು ಯಾರು ಅನ್ನೋದು ಎಷ್ಟು ಗೊತ್ತಾಗ್ತಿದೆ ಅಂತ ಈಗಲೇ ಹೇಳೋದು ಕಷ್ಟ. ಬೇಜಾರು ಮಾಡ್ಕೋಬೇಡಿ” ಎಂದಳು.

“ಅಯ್ಯೋ ಮಗಳೇ, ಹೋಗಕ್ಕೆ ಅದು ಅವರ ಬಾಯಲ್ಲಿ ಇತ್ತಾದರೂ ಯಾವಾಗ?” ಎಂದೆ. ಅವಳು ನಕ್ಕಳು. ನಾನೂ ನಕ್ಕೆ.

ಮನೆಗೆ ಬರುವಷ್ಟರಲ್ಲಿ ನಗು ಹೊರಟುಹೋಗಿತ್ತು. ಹೆಸರು ಹಿಡಿದು ಕರೆಯುತ್ತಿದ್ದ ಗಂಡ ಈಗ ಕರೆಯದಿದ್ದರೆ, ಮರೆತಿದ್ದಾರೆ ಎಂದು ಹೆಂಡತಿಗೆ ತಿಳಿಯುತ್ತದೆ. ಎಂದೂ ಕರೆಯದವರು ಮರೆತಿದ್ದಾರೋ ಇಲ್ಲವೋ ನೋಡುವುದು ಹೇಗೆ? “ಇವಳೇ” ಅನ್ನುತ್ತಾರಲ್ಲ, ಅದು ಗುರುತಲ್ಲವೇ ಎನ್ನಬಹುದು ನೀವು. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಆಮೇಲೆ ನೋಡಿದರೆ ಆಸ್ಪತ್ರೆಯ ನರ್ಸಿಗೂ “ಇವಳೇ” ಅನ್ನುತ್ತಿದ್ದರು. ಪಾತ್ರೆ ತೊಳೆಯಲು ಬರುವ ರತ್ನಮ್ಮನಿಗೂ “ಇವಳೇ, ಕೊಡು” ಅಂದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಒಳಗೆ ಬಂದಳು. ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಊಟ ಹಾಕುವ, ಬಟ್ಟೆ ತೊಡಿಸುವ ಯಾರೋ ಒಬ್ಬ ಹೆಂಗಸು, ಅಷ್ಟೇ ಏನು ನಾನು ಇವರಿಗೆ? ಅವತ್ತಿನಿಂದ ಕಾಫಿ, ಕುರ್ಚಿ, ಕೀಲಿಕೈ ಯಾವ ಹೆಸರು ಬರದಿದ್ದರೂ ಚಿಂತೆಯಿಲ್ಲ ಅನ್ನಿಸತೊಡಗಿತು. ನಾನು ಯಾರು ಎನ್ನುವುದು ಈ ಮನುಷ್ಯನಿಗೆ ಗೊತ್ತಿದೆಯೇ? ಅದೊಂದು ತಿಳಿದರೆ ಸಾಕಾಗಿತ್ತು.

ಮನೆಯಲ್ಲೆಲ್ಲ ಚೀಟಿ ಅಂಟಿಸಿ ಎಂದವಳು ಆ ಹುಡುಗಿಯೇ. ಮಗಳು ಕೊಡ್ಲಿಪೇಟೆಯಿಂದ ಬಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟು ಹೋದಳು. ಬೆಳಿಗ್ಗೆ ಹಲ್ಲುಜ್ಜಿಸಿ, ಕಾಫಿ ಕುಡಿಸಿ, ಮಾತ್ರೆ ನುಂಗಿಸಿ, ಕೈ ಹಿಡಿದು ಮನೆಯೆಲ್ಲ ಸುತ್ತಿಸುತ್ತೇನೆ. “ಇದೇನು? ಬಾ-ಗಿ-ಲು. ಹೇಳಿ.” “ತೆಗಿ” ಎನ್ನುತ್ತಾರೆ ಮೇಷ್ಟ್ರು. ಹೊರಗೆ ಹೋಗುವ ಆಸೆ ಅವರಿಗೆ. ಮಧ್ಯಾಹ್ನ ಮತ್ತೆ ಒಂದು ಸುತ್ತು. ಕಾಲಕ್ಕೆ ಕಾಲ ಊಟ, ಸ್ನಾನ, ಒಗೆಯುವುದು, ಒಣಗಿಸುವುದು. ಸಂಜೆ ವಿಭೂತಿ ಇಟ್ಟು ಕೂರಿಸಿದರೆ ಅಲ್ಲಿಗೆ ನನ್ನ ಸೊಂಟದ ಆಯಸ್ಸು ಮುಗಿದಿರುತ್ತದೆ. ಸಾಕಾಗಿಹೋಗಿದೆ ಎಂದು ಹೇಳಿದರೆ ಪಾಪ ಬರುತ್ತದೇನೋ, ಆದರೂ ಹೇಳುತ್ತೇನೆ, ಸಾಕಾಗಿಹೋಗಿದೆ. ಈ ವಯಸ್ಸಿನಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಕನ್ನಡ ಕಲಿಸುವ ಮೇಡಂ ಆಗಬೇಕಾಗುತ್ತದೆ ಎಂದು ಗೊತ್ತಿದ್ದರೆ ಆವಾಗಲೇ ಸರಿಯಾಗಿ ಓದಿಕೊಳ್ಳುತ್ತಿದ್ದೆ.

“ನಿಮ್ಮ ಹೆಸರನ್ನು ನೀವೇ ಹೇಳಿ, ಅವರಿಂದ ಹೇಳಿಸಿ” ಎಂದಿದ್ದಳು ಹುಡುಗಿ. ಮುದುಕಿಯೊಬ್ಬಳು ಎದೆ ತಟ್ಟಿಕೊಂಡು ತನ್ನ ಹೆಸರನ್ನು ತಾನೇ ಕೂಗುವುದನ್ನು ನೆನೆಸಿಕೊಳ್ಳಿ! ಬಾಗಿಲು ಹಾಕಿ ಅದನ್ನೂ ಮಾಡಿದೆ. ಮೇಷ್ಟ್ರು ನಾನೇನೋ ಅಸಹ್ಯ ಮಾಡಿದೆನೆಂಬಂತೆ ಮುಖ ತಿರುಗಿಸಿದರು. ಕೊನೆಗೆ ಹೆಸರು ಬರೆದ ಚೀಟಿಯನ್ನು ಸೆರಗಿಗೆ ಪಿನ್ ಹಾಕಿ ಸಿಕ್ಕಿಸಿಕೊಂಡು ಎದುರಿಗೆ ಕೂತೆ. ಬಾಗಿ ನೋಡಿದರು, ಓದಿದರೋ ಇಲ್ಲವೋ, ಕಿತ್ತು ಕಿಟಕಿಯಾಚೆ ಎಸೆದರು. ಕುರ್ಚಿಯ ಚೀಟಿ, ಫ್ರಿಜ್ಜಿನ ಚೀಟಿ ಯಾವುದನ್ನೂ ಅವರು ಮುಟ್ಟಿದವರಲ್ಲ. ಅವತ್ತು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅನ್ನ ಸೀದ ವಾಸನೆ ಬಂತು, ಎದ್ದೆ.

ಈ ವಾರ ಮತ್ತೆ ಹಾಸನಕ್ಕೆ ಹೋಗಿದ್ದೆವು. ಹೋಗುವುದು ಬರುವುದು ಯಾವಾಗಲೂ ರಫೀಕನ ವ್ಯಾನಿನಲ್ಲೇ. ಮೇಷ್ಟ್ರು ಮುಂದೆ, ನಾನು ಹಿಂದೆ. ಅದೇ ಚಿತ್ರಗಳು, ಅದೇ “ತೆಗಿಯೋದು”, ಅದೇ “ಇವಳು.” ಹುಡುಗಿ ಚಿತ್ರಗಳನ್ನು ಜೋಡಿಸಿಟ್ಟು, “ಇನ್ನು ಮೇಲೆ ನೀವು ಪದೇಪದೇ ಇಷ್ಟು ದೂರ ಬರೋದು ಬೇಡ ಆಂಟಿ. ಮನೆಯಲ್ಲೇ ಅಭ್ಯಾಸ ಮಾಡಿಸಿ. ಬಂದ್ರೆ ಬರುತ್ತೆ” ಎಂದಳು. ನಲವತ್ತು ವರ್ಷ ಒಬ್ಬ ಮೇಷ್ಟ್ರ ಹೆಂಡತಿಯಾಗಿದ್ದವಳಿಗೆ ಆ ಧ್ವನಿ ಗೊತ್ತಾಗದೇ ಇರುತ್ತದೆಯೇ? ಪಾಸಾಗದ ಹುಡುಗರ ತಂದೆತಾಯಿಗೆ ನಮ್ಮವರೂ ಅದೇ ಧ್ವನಿಯಲ್ಲಿ ಹೇಳುತ್ತಿದ್ದರು.

ಆಲೂರು ದಾಟುವಾಗ ಮೇಷ್ಟ್ರಿಗೆ ಜೊಂಪು ಹತ್ತಿತು. ರಫೀಕ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, “ಏನಂದ್ರಮ್ಮ ಡಾಕ್ಟ್ರು?” ಎಂದ. ಅವನಿಗೆ ಆ ಹುಡುಗಿಯೂ ಡಾಕ್ಟ್ರೇ.

“ಏನಂತಾರೆ ಕಣಪ್ಪ. ನಾನು ಯಾರು ಅಂತ್ಲೇ ಇವರಿಗೆ ಗೊತ್ತಿಲ್ಲ ಅಂತ ಕಾಣುತ್ತೆ. ನನ್ನ ಹೆಸರು ಕೂಡ ಉಳ್ದಿಲ್ಲ. ನನಗೂ ಸಾಕಾಯ್ತು” ಎಂದೆ. ಅವನೆದುರಿಗೆ ಅಳಬಾರದೆಂದು ಕಿಟಕಿಯ ಕಡೆ ತಿರುಗಿಕೊಂಡೆ.

ರಫೀಕ್ ವ್ಯಾನಿನ ವೇಗ ಇಳಿಸಿದ. “ಏನಮ್ಮ ಹಿಂಗಂತೀರ? ನೀವು ಅತ್ಲಾಗೆ ಅಂಗ್ಡಿಗೆ ಇಳ್ದು ಹೋಗ್ಬುಟ್ರೆ ಸಾಕು, ಸಾರು ನಿಮ್ಮ ಹೆಸ್ರು ಹಿಡ್ದು ಕೂಗಕ್ಕೆ ಶುರು ಹಚ್ಕಂತಾರಲ್ಲ!”

“ಸುಮ್ನಿರು ಮಾರಾಯ. ನನಗೆ ಸಮಾಧಾನ ಮಾಡಕ್ಕೆ ಸುಳ್ಳು ಹೇಳ್ಬೇಡ.”

“ಅಲ್ಲಾನಾಣೆ ಅಮ್ಮ. ಪ್ರತಿ ಸಲಾನೂ ಅಷ್ಟೆ. ನನ್ನ ಹೆಸ್ರು ಬರಲ್ಲ, ನಂಗೆ ಏಯ್ ಅಂತಾರೆ. ನಿಮ್ಮ ಹೆಸ್ರು ಮಾತ್ರ ಚೆನ್ನಾಗಿ ಬರ್ತೈತೆ. ನೀವು ಬರೋದು ಕಂಡೇಟ್ಗೆ ಗಪ್‌ಚಿಪ್. ಮನೇಲೂ ಹಂಗೇ ಕರೀತಾರೇನೋ ಅಂದ್ಕೊಂಡಿದ್ದೆ ಕಣಮ್ಮ, ಅದ್ರಲ್ಲಿ ಹೇಳೋದೇನೈತೆ?”

ನಾನು ನಂಬಲಿಲ್ಲ. ನಂಬದೆ ಇರುವುದಕ್ಕೂ ಆಗಲಿಲ್ಲ. ಹುಡುಗಿಯ ಕೋಣೆಯಲ್ಲಿ ನಾನು ಯಾವಾಗಲೂ ಮೇಷ್ಟ್ರ ಪಕ್ಕದಲ್ಲೇ ಕೂತಿರುತ್ತಿದ್ದೆ. ಮನೆಯಲ್ಲೂ ಅಷ್ಟೆ, ಬಚ್ಚಲಿಗೆ ಹೋದರೂ ಬಾಗಿಲು ಅರ್ಧ ತೆರೆದಿಟ್ಟು ಇಲ್ಲೇ ಇದೀನಿ, ಇಲ್ಲೇ ಇದೀನಿ ಎನ್ನುತ್ತಿರುತ್ತೇನೆ. ಅವರು ಕೂಗುವುದಕ್ಕೆ ನಾನು ಎಡೆಯನ್ನೇ ಕೊಟ್ಟಿರಲಿಲ್ಲ.

ಸಕಲೇಶಪುರದಲ್ಲಿ ಮಾತ್ರೆ ಕೊಳ್ಳಬೇಕಾಗಿತ್ತು. ಹೆದ್ದಾರಿಯ ಬದಿಯಲ್ಲಿ ವ್ಯಾನು ನಿಂತಾಗ ಮೇಷ್ಟ್ರಿಗೆ ಎಚ್ಚರವಾಯಿತು. “ಈಗ ಬಂದೆ” ಎಂದು ಹೇಳಿ ಇಳಿದೆ. ಔಷಧಿ ಅಂಗಡಿಗೆ ಹೋಗಲಿಲ್ಲ. ಘಾಟಿ ಇಳಿಯುವುದಕ್ಕೆ ಕಾಯುತ್ತ ನಿಂತಿದ್ದ ಒಂದು ಲಾರಿ ವ್ಯಾನಿನ ಹಿಂದೆಯೇ ಇತ್ತು. ಅದರ ಮರೆಗೆ ಹೋಗಿ ನಿಂತೆ. ಲಾರಿಯ ಕ್ಲೀನರ್ ಟೈರಿಗೆ ಸುತ್ತಿಗೆ ಬಡಿಯುತ್ತಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೋಡಿಕೊಳ್ಳಲಿ ಎಂದುಕೊಂಡೆ.

ಮೊದಲು “ಏಯ್, ಹೋದ್ಳು” ಎನ್ನುವುದು ಕೇಳಿಸಿತು. ರಫೀಕ್ “ಬರ್ತಾರೆ ಸಾ, ಇಲ್ಲೇ ಮಾತ್ರೆ ತರಕ್ಕೆ ಹೋಗವ್ರೆ” ಎಂದ. ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು.

“ಗಿರಿಜಾ.”

ಬಾಯಿ ವಾಲಿರುವುದರಿಂದ ಅಕ್ಷರ ಸ್ವಲ್ಪ ಮೆತ್ತಗಾಗಿತ್ತು. ಆದರೂ ಅದು ನನ್ನ ಹೆಸರೇ, ಬೇರೆ ಯಾರದ್ದೂ ಅಲ್ಲ.

“ಗಿರಿಜಾ! ಏ ಗಿರಿಜಾ!”

“ಬರ್ತಾರೆ ಸಾ, ಸುಮ್ಕಿರಿ” ಎಂದು ರಫೀಕ್ ಸಮಾಧಾನ ಮಾಡುತ್ತಿದ್ದ. ಮೇಷ್ಟ್ರ ದನಿಯಲ್ಲಿ ಗಾಬರಿ ಹತ್ತುತ್ತಿತ್ತು. ನಾನು ಅವರ ಹತ್ತಿರ ಓಡಬೇಕಾಗಿತ್ತು. ಮಂಡಿ ನೋಯುತ್ತಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು, ಮಾತ್ರೆಯನ್ನೂ ಕೊಂಡಿರಲಿಲ್ಲ. ಲಾರಿಯ ಮರೆಯಿಂದ ಒಂದು ಹೆಜ್ಜೆ ಆಚೆ ಇಟ್ಟರೆ ನಾನು ಅವರ ಕಣ್ಣಿಗೆ ಬೀಳುತ್ತೇನೆ, ಕಂಡ ಕೂಡಲೇ ಅವರು ಬಾಯಿ ಮುಚ್ಚುತ್ತಾರೆ, ಮನೆಗೆ ಹೋದ ಮೇಲೆ ಮತ್ತೆ ನಾನು ಇವಳೇ.

ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದೇ ಒಂದು ಸಲ ಕರೆಯಲಿ ಎಂದು ಅಲ್ಲೇ ನಿಂತೆ.